ಆನೆಹಕ್ಕಿ ಇದ್ದ ನಾಡು

ಮಡಗಾಸ್ಕರ್‌ನ ದಕ್ಷಿಣ ತುದಿಯ ಮರಳು ದಿಬ್ಬಗಳಲ್ಲಿ ಇವತ್ತಿಗೂ ಮೊಟ್ಟೆಚಿಪ್ಪಿನ ಚೂರುಗಳು ಸಿಗುತ್ತವೆ. ಒಂದೆರಡಲ್ಲ, ರಾಶಿ ರಾಶಿ. ಒಂದು ಚೂರನ್ನು ಅಡ್ಡ ಹಿಡಿದು ನೋಡಿದರೆ ದಪ್ಪ ಮೂರು ಮಿಲಿಮೀಟರ್‌ಗೂ ಜಾಸ್ತಿ. ಇಡೀ ಮೊಟ್ಟೆಯ ಉದ್ದ ಸುಮಾರು ಒಂದು ಅಡಿ. ಒಳಗೆ 150 ಕೋಳಿಮೊಟ್ಟೆಯಷ್ಟು ತಿರುಳು.

ಇದು ಆನೆಹಕ್ಕಿಯ ಮೊಟ್ಟೆ. ಮೂರು ಮೀಟರ್ ಎತ್ತರ, ಅರ್ಧ ಟನ್‌ಗೂ ಹೆಚ್ಚು ತೂಕ, ಹಾರಲು ಬಾರದ ಹಕ್ಕಿ. ಪಕ್ಕದ ಆಫ್ರಿಕಾದ ಉಷ್ಟ್ರಪಕ್ಷಿಯೇ ಇದರ ಹತ್ತಿರದ ನೆಂಟ ಅಂದುಕೊಳ್ಳುತ್ತೇವೆ, ಅಲ್ವಾ? 2014ರಲ್ಲಿ ಮೂಳೆಯ ಡಿಎನ್‌ಎ ಬೇರೆಯೇ ಹೇಳಿತು: ಹತ್ತಿರದ ನೆಂಟ ನ್ಯೂಜಿಲೆಂಡಿನ ಕಿವಿ, ಕೋಳಿ ಗಾತ್ರದ ಹಕ್ಕಿ. ನಾಲ್ಕು ವರ್ಷದ ನಂತರ ಆನೆಹಕ್ಕಿಯ ತಲೆಬುರುಡೆಯ ಒಳಭಾಗವನ್ನು ಸ್ಕ್ಯಾನ್ ಮಾಡಿದರು. ಮಿದುಳಿನಲ್ಲಿ ನೋಟಕ್ಕೆ ಮೀಸಲಾದ ಭಾಗ ತೀರಾ ಚಿಕ್ಕದಿತ್ತು. ಅಂದರೆ ಕಿವಿಯ ಹಾಗೆ ಇದೂ ರಾತ್ರಿ ಹೊತ್ತು ಮೇವು ಹುಡುಕುತ್ತಿದ್ದಿರಬೇಕು. ಕತ್ತಲಲ್ಲಿ ಅಷ್ಟು ದೊಡ್ಡ ಹಕ್ಕಿ ಹೆಜ್ಜೆ ಹಾಕುವುದನ್ನು ನೆನೆದರೆ ನನಗೆ ಮೈ ಜುಮ್ಮೆನ್ನುತ್ತದೆ.

ಮಡಗಾಸ್ಕರ್ ಒಂದು ಕಾಲಕ್ಕೆ ನಮ್ಮ ನೆಲಕ್ಕೇ ಅಂಟಿಕೊಂಡಿತ್ತು. ಸುಮಾರು 8.8 ಕೋಟಿ ವರ್ಷದ ಹಿಂದೆ ಬೇರೆಯಾಯಿತು. ಮಲ್ಪೆ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಂಬದಂಥ ಕಲ್ಲುಗಳು ಆ ಅಗಲಿಕೆಯ ಕಾಲದ ಲಾವಾದಿಂದ ಆದವು. ಆಮೇಲೆ ಅಲ್ಲಿನ ಜೀವಿಗಳು ತಮ್ಮದೇ ದಾರಿ ಹಿಡಿದವು. ಕುಳ್ಳ ನೀರಾನೆಗಳಿದ್ದವು. ಮಂಗಗಳ ದೂರದ ನೆಂಟನಾದ ಲೀಮರ್ ಅಲ್ಲಿ ಗೊರಿಲ್ಲಾ ಗಾತ್ರಕ್ಕೂ ಬೆಳೆದಿತ್ತು. ಉದ್ದನೆಯ, ಕೊಕ್ಕೆಯಂಥ ಬೆರಳುಗಳಿಂದ ಕೊಂಬೆಗೆ ತಲೆಕೆಳಗಾಗಿ ಜೋತುಬೀಳುತ್ತಿದ್ದ ಲೀಮರ್‌ಗಳೂ ಇದ್ದವು. ಅವುಗಳ ಕೆಲವು ಮೂಳೆಗಳ ಮೇಲೆ ಮನುಷ್ಯರು ಮಾಂಸ ಕೊಯ್ದ ಗೆರೆಗಳಿವೆ.

ಇವೆಲ್ಲ ಡೈನೋಸಾರ್ ಕಾಲದ ಕಥೆ ಅಲ್ಲ. ಶ್ರವಣಬೆಳಗೊಳದ ಗೊಮ್ಮಟನನ್ನು ಕಡೆಯುವ ಹೊತ್ತಿಗೆ ಕೊನೆಯ ಆನೆಹಕ್ಕಿಗಳು ಇನ್ನೂ ಬದುಕಿದ್ದಿರಬೇಕು. 1658ರಲ್ಲಿ ಫ್ರೆಂಚ್ ಅಧಿಕಾರಿ ಫ್ಲಾಕೂರ್ ಕೂಡ, ನಿರ್ಜನ ಜಾಗಗಳಲ್ಲಿ ಅವಿತು ಮೊಟ್ಟೆಯಿಡುವ ದೊಡ್ಡ ಹಕ್ಕಿಯೊಂದರ ಬಗ್ಗೆ ಬರೆದಿದ್ದಾನೆ.

ಹಾಗಾದರೆ ಹೋದದ್ದೇಕೆ? ಮಳೆ ಕೈಕೊಟ್ಟಿತು ಅನ್ನುವವರಿದ್ದಾರೆ. ವಾಯವ್ಯದ ಅಂಜೋಹಿಬೆ ಗುಹೆಯ ಸುಣ್ಣದ ಕಂಬಗಳು ಅದನ್ನು ಒಪ್ಪುವುದಿಲ್ಲ. ತೊಟ್ಟಿಕ್ಕುವ ನೀರು ಪದರ ಪದರವಾಗಿ ಕಟ್ಟಿದ ಕಂಬಗಳವು, ಹೊರಗಿನ ಮಳೆ ಮತ್ತು ಗಿಡಗಳ ಗುರುತು ಅವುಗಳಲ್ಲಿ ಉಳಿದಿದೆ. ಸುಮಾರು 1,100 ವರ್ಷದ ಹಿಂದೆ ಅಲ್ಲಿ ಕಾಡು ಸರಸರನೆ ಹುಲ್ಲುಗಾವಲಾಯಿತು, ಮಳೆ ಮಾತ್ರ ಹೆಚ್ಚೇನೂ ಬದಲಾಗಿರಲಿಲ್ಲ. ದನ ಸಾಕುವವರು ಕಾಡಿಗೆ ಬೆಂಕಿ ಇಟ್ಟದ್ದೇ ಕಾರಣ ಎಂಬುದು ಸಂಶೋಧಕರ ವಾದ. ನನಗೂ ಅದೇ ಸರಿ ಅನ್ನಿಸುತ್ತದೆ. ಬೇಟೆಯೂ ಜೊತೆಗೂಡಿತು. ದೊಡ್ಡ ಪ್ರಾಣಿಗಳು ಮರಿ ಹಾಕುವುದು ನಿಧಾನ. ವರ್ಷಕ್ಕೆ ಕೆಲವೇ ಕೆಲವು ಜಾಸ್ತಿ ಸತ್ತರೂ ಸಂತತಿ ಕರಗುತ್ತಾ ಹೋಗುತ್ತದೆ.

ಅಳಿದುಹೋದ ಲೀಮರ್‌ಗಳಲ್ಲಿ ಕನಿಷ್ಠ 17 ಜಾತಿಗಳ ಗುರುತು ಸಿಕ್ಕಿದೆ. ಎಲ್ಲವೂ ಈಗ ಉಳಿದವುಗಳಿಗಿಂತ ದೊಡ್ಡವು. ಉಳಿದವುಗಳ ಪೈಕಿ ದೊಡ್ಡದು ಇಂಡ್ರಿ, ತೂಕ ಹತ್ತು ಕೆ.ಜಿ.ಗಿಂತ ಕಡಿಮೆ. ಎರಡು–ಮೂರು ವರ್ಷಕ್ಕೆ ಒಂದೇ ಮರಿ. ಮೃಗಾಲಯದಲ್ಲಿ ಸಾಕೋಣ ಅಂದರೆ ಬದುಕುವುದಿಲ್ಲ. ಅದಕ್ಕೆ ಬೇಕಾದ ಪೂರ್ವದ ಮಳೆಕಾಡನ್ನು ಭತ್ತ ಬೆಳೆಯಲು ಈಗಲೂ ಕಡಿದು ಸುಡುತ್ತಿದ್ದಾರೆ.