ಗೇಮ್ ಪೆಟ್ಟಿಗೆ, ಎಚ್‌ಡಿ ಟೀವಿ ಮತ್ತು ಕಾರವಾರದ ಉಪ್ಪುಗಾಳಿ

ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್‌ನಂಥ ಗೇಮ್ ಪೆಟ್ಟಿಗೆ ಆನ್ ಆಗುತ್ತದೆ. ಲೈಟ್ ಬರುತ್ತದೆ, ಫ್ಯಾನ್ ಸದ್ದೂ ಕೇಳುತ್ತದೆ. ಟೀವಿಯಲ್ಲಿ ಮಾತ್ರ ‘ನೋ ಸಿಗ್ನಲ್’. ಇಲ್ಲವೇ ಚಿತ್ರ ಬರುತ್ತದೆ, ಆದರೆ ಮಬ್ಬು ಮಬ್ಬು, ಎಚ್‌ಡಿ ಅಲ್ಲವೇ ಅಲ್ಲ. ಎಲ್ಲರೂ ಮೊದಲು ಬೈಯುವುದು ಪೆಟ್ಟಿಗೆಯನ್ನೇ. ಬಹಳ ಸಲ ಅದರದ್ದೇನೂ ತಪ್ಪಿರುವುದಿಲ್ಲ. ಅದಕ್ಕೂ ಟೀವಿಗೂ ಮಾತುಕತೆ ಮುರಿದಿರುತ್ತದೆ, ಅಷ್ಟೇ.

ಮಾತುಕತೆ ಎಂದದ್ದು ಸುಮ್ನೆ ಅಲ್ಲ. ಪೆಟ್ಟಿಗೆಯನ್ನು ಟೀವಿಗೆ ಜೋಡಿಸುವ ವೈರಿನ ಪದ್ಧತಿ ಎಚ್‌ಡಿಎಂಐ 2002ರ ಕೊನೆಗೆ ಬಂತು. ಆ ವೈರಿನ ತುದಿಯಲ್ಲಿ 19 ಪಿನ್ನುಗಳಿವೆ. ಅವುಗಳಲ್ಲಿ 12 ಪಿನ್ನುಗಳದ್ದು ಚಿತ್ರ, ಸದ್ದು ಸಾಗಿಸುವ ಕೆಲಸ. ಉಳಿದವುಗಳಲ್ಲಿ ಕೆಲವು ಬರೀ ಮಾತಾಡಲಿಕ್ಕೆ ಇರುವಂಥವು. ಪೆಟ್ಟಿಗೆ ಮೊದಲು ಒಂದು ಪಿನ್ನಿನಲ್ಲಿ 5 ವೋಲ್ಟ್ ಕಳಿಸುತ್ತದೆ. ಟೀವಿ ಇನ್ನೊಂದು ಪಿನ್ನಿನಲ್ಲಿ ‘ಇದ್ದೇನೆ’ ಎನ್ನುತ್ತದೆ. ಆಮೇಲೆ ಪೆಟ್ಟಿಗೆ ಕೇಳುವುದು ಟೀವಿಯ ಜಾತಕವನ್ನು. ಯಾವ ಕಂಪನಿ, ಯಾವ ವರ್ಷ ಹುಟ್ಟಿದ್ದು, ಎಷ್ಟು ಗೆರೆ ತೋರಿಸಬಲ್ಲದು, ಸೆಕೆಂಡಿಗೆ ಎಷ್ಟು ಸಲ, ಎಂಥ ಸದ್ದು ನಡೆಯುತ್ತದೆ, ಎಲ್ಲವೂ ಅದರಲ್ಲಿದೆ. ಇಡಿಐಡಿ ಎಂಬ ಈ ಜಾತಕ ಸಾಮಾನ್ಯವಾಗಿ 256 ಬೈಟ್ ಮಾತ್ರ.

ಜಾತಕ ಸಿಗದಿದ್ದರೆ ಪೆಟ್ಟಿಗೆ ಧೈರ್ಯ ಮಾಡುವುದಿಲ್ಲ. ಎಚ್‌ಡಿಎಂಐ ಇರುವ ಯಾವ ಟೀವಿಯಾದರೂ ತೋರಿಸಲೇಬೇಕಾದ ಅಳತೆಯೊಂದಿದೆ, 640×480. ಅಲ್ಲಿಗೆ ಇಳಿಯುತ್ತದೆ, ಇಲ್ಲವೇ ಸುಮ್ಮನಾಗುತ್ತದೆ.

ಇಲ್ಲಿರುವ ತಮಾಷೆ ನೋಡಿ. ಫುಲ್ ಎಚ್‌ಡಿ ಅಂದರೆ 1920×1080, ಅಂದರೆ 20 ಲಕ್ಷಕ್ಕೂ ಜಾಸ್ತಿ ಚುಕ್ಕಿ. ಅಷ್ಟನ್ನೂ ಸೆಕೆಂಡಿಗೆ 60 ಸಲ ಕಳಿಸಲು ವೈರಿನಲ್ಲಿ ಸೆಕೆಂಡಿಗೆ ಸುಮಾರು 445 ಕೋಟಿ ಬಿಟ್ ಓಡಬೇಕು. 4ಕೆ ಆದರೆ ಅದರ ನಾಲ್ಕು ಪಟ್ಟು. ಜಾತಕ ತರುವ ತಂತಿಯದ್ದೋ ಸೆಕೆಂಡಿಗೆ ಒಂದು ಲಕ್ಷ ಬಿಟ್‌ನ ನಡಿಗೆ. ಆದರೂ ಅದು ಕೈಕೊಟ್ಟರೆ ಕೋಟಿಗಟ್ಟಲೆ ಸಾಗಿಸುವ ತಂತಿಗಳೆಲ್ಲ ಕೆಲಸವಿಲ್ಲದೆ ಕೂರುತ್ತವೆ.

ಹಾಗಾಗಿ ಚಿತ್ರ ಹೇಗೆ ಕೆಟ್ಟಿದೆ ಎಂದು ನೋಡಿದರೇ ಅರ್ಧ ಉತ್ತರ ಸಿಗುತ್ತದೆ. ಎಚ್‌ಡಿ ಚಿತ್ರ ಬಂದು, ಅದರ ಮೇಲೆ ಬಿಳಿ ಚುಕ್ಕಿಗಳು ಮಿನುಗುತ್ತಿದ್ದರೆ, ಅಥವಾ ನಡುನಡುವೆ ಪರದೆ ಕಪ್ಪಾಗಿ ಮತ್ತೆ ಬರುತ್ತಿದ್ದರೆ, ವೇಗದ ತಂತಿಗಳಿಗೆ ತ್ರಾಣ ಸಾಲುತ್ತಿಲ್ಲ ಎಂದೇ ಲೆಕ್ಕ. 720 ಗೆರೆಯ 720ಪಿಗೆ ಬೇಕಾದ ವೇಗ ಫುಲ್ ಎಚ್‌ಡಿಯ, ಅಂದರೆ 1080ಪಿಯ, ಅರ್ಧ. 720ರಲ್ಲಿ ಸರಿಯಾಗಿದ್ದು 1080ರಲ್ಲಿ ತೊಂದರೆ ಕೊಟ್ಟರೆ ಮೊದಲು ವೈರು ಬದಲಾಯಿಸಿ. ಚಿತ್ರವೇ ಇಲ್ಲ, ಅಥವಾ ತೀರಾ ಕೆಳಗಿನ ಅಳತೆಗೆ ಇಳಿದಿದೆ ಎಂದಾದರೆ ಮಾತುಕತೆಯ ಕಡೆ ಅನುಮಾನಪಡಬೇಕು.

ಇನ್ನು ನಮ್ಮ ಕರಾವಳಿಯ ಕಥೆ. ಆ ಮಾತಿನ ಪಿನ್ನುಗಳೆಲ್ಲ ವೈರು ಸಿಕ್ಕಿಸುವ ತೂತಿನ, ಅಂದರೆ ಪೋರ್ಟಿನ, ಒಂದೇ ತುದಿಯಲ್ಲಿ ಒತ್ತಾಗಿ ಕೂತಿವೆ. 5 ವೋಲ್ಟ್ ಪಿನ್ನೂ ಅಲ್ಲೇ. ಸಮುದ್ರದ ಗಾಳಿ ಸಣ್ಣ ಸಣ್ಣ ಉಪ್ಪಿನ ಕಣಗಳನ್ನು ಹೊತ್ತು ತರುತ್ತದೆ. ಗಾಳಿಯ ತೇವಾಂಶ ಸುಮಾರು 75 ಶೇಕಡಾ ದಾಟಿತೆಂದರೆ ಉಪ್ಪು ನೀರು ಹೀರಿಕೊಂಡು ತಾನೇ ದ್ರವವಾಗುತ್ತದೆ. ಮಳೆಗಾಲದಲ್ಲಿ ಸಾಣಿಕಟ್ಟಾದ ಉಪ್ಪು ಡಬ್ಬಿಯಲ್ಲೇ ನೀರೊಡೆಯುವುದನ್ನು ನಾವೆಲ್ಲ ನೋಡಿದ್ದೇವಲ್ವಾ? ಕಲ್ಲುಪ್ಪಿನಲ್ಲಿ ಸ್ವಲ್ಪ ಮೆಗ್ನೀಸಿಯಂ ಕ್ಲೋರೈಡೂ ಇರುತ್ತದೆ, ಅದು ಇನ್ನೂ ಕಡಿಮೆ ತೇವಕ್ಕೇ ಕರಗುತ್ತದೆ. ಅದೇ ಕೆಲಸ ಟೀವಿಯ ಹಿಂದೆಯೂ ನಡೆಯುತ್ತದೆ. ಪಿನ್ನಿನ ಮೇಲಿನ ಚಿನ್ನದ ಲೇಪ ಒಂದು ಮೈಕ್ರಾನ್‌ಗಿಂತ ತೆಳು. ಚಿನ್ನಕ್ಕೆ ಉಪ್ಪು ಏನೂ ಮಾಡದು. ಆದರೆ ವೈರು ಹಾಕಿ ತೆಗೆದು ಲೇಪ ಸವೆದಲ್ಲಿ ಒಳಗಿನ ತಾಮ್ರ ಹೊರಬೀಳುತ್ತದೆ. ಉಪ್ಪುನೀರು, ತಾಮ್ರ, ಮೇಲಿಂದ 5 ವೋಲ್ಟ್. ಕಿಲುಬು ಕಟ್ಟಲು ಇನ್ನೇನು ಬೇಕು?

ಕಾರವಾರದ ಕೋಡಿಬಾಗದ ಒಂದು ಮನೆಯಲ್ಲಿ ಇದನ್ನು ಹತ್ತಿರದಿಂದಲೇ ನೋಡಿದೆ. ಟೀವಿ ಸಮುದ್ರದ ಕಡೆಯ ಕಿಟಕಿಯ ಪಕ್ಕ. “ಮಾಮ, ನಿನ್ನೆವರೆಗೂ ಸರಿ ಇತ್ತು” ಎಂದು ಹುಡುಗನ ಗೋಳು. “ಆಡೋದು ಜಾಸ್ತಿ ಆಯ್ತು, ಅದಕ್ಕೇ ಹಾಳಾಯ್ತು” ಎಂದು ಅವನ ಅಮ್ಮನ ತೀರ್ಪು. ಟಾರ್ಚ್ ಹಿಡಿದು ನೋಡಿದರೆ ಪೋರ್ಟಿನ ಪಿನ್ನುಗಳು ಹೆಚ್ಚಿನವು ಹೊಳೆಯುತ್ತಿದ್ದವು. ಒಂದು ಮೂಲೆಯವು ಮಾತ್ರ ಮಂಕಾಗಿ, ಅಂಚಿನಲ್ಲಿ ತೆಳು ಹಸಿರು. ಎರಡರ ಪ್ಲಗ್ಗೂ ಕಿತ್ತು, ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ಮೆತ್ತನೆ ಬ್ರಷ್ಷಿನಿಂದ ಮೆಲ್ಲಗೆ ಒರೆಸಿ, ಪೂರ್ತಿ ಒಣಗಲು ಬಿಟ್ಟೆವು. ಆಮೇಲೆ 1080 ಬಂತು. ಸ್ಯಾಂಡ್‌ಪೇಪರ್, ಬ್ಲೇಡು ಇತ್ಯಾದಿ ಬೇಡವೇ ಬೇಡ. ಉಳಿದ ಚಿನ್ನವೂ ಹೋದೀತು.

ಬ್ರಷ್ ಹಿಡಿಯುವ ಮುಂಚೆ ಖರ್ಚಿಲ್ಲದ ಕೆಲಸವೊಂದಿದೆ. ಪೆಟ್ಟಿಗೆ ಬೇರೆ ಟೀವಿಯ ಸೆಟ್ಟಿಂಗನ್ನೇ ನೆನಪಿಟ್ಟುಕೊಂಡಿರಬಹುದು. ಪ್ಲೇಸ್ಟೇಷನ್ 3, ಅಂದರೆ ಪಿಎಸ್3ರಲ್ಲಿ, ಆಫ್ ಇದ್ದಾಗ, ಪವರ್ ಬಟನ್ ಹಿಡಿದೇ ಇದ್ದರೆ ಎರಡನೇ ಬೀಪ್ ಸದ್ದಿಗೆ ವಿಡಿಯೋ ಸೆಟ್ಟಿಂಗ್ ಮೊದಲಿನಂತಾಗುತ್ತದೆ. ಪಿಎಸ್4, ಪಿಎಸ್5ರಲ್ಲಿ ಎರಡನೇ ಬೀಪಿಗೆ ಸೇಫ್ ಮೋಡ್ ತೆರೆಯುತ್ತದೆ, ಅಲ್ಲಿ ಅಳತೆ ಬದಲಾಯಿಸಬಹುದು. ಆಗ ಕಂಟ್ರೋಲರನ್ನು ವೈರಿನಿಂದಲೇ ಜೋಡಿಸಬೇಕು ಎಂಬುದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಎಕ್ಸ್‌ಬಾಕ್ಸ್ ಒನ್‌ನಲ್ಲಿ ಪವರ್ ಮತ್ತು ಎಜೆಕ್ಟ್ ಒಟ್ಟಿಗೆ ಒತ್ತಿ ಹಿಡಿದರೆ ಅದು 640×480ರಲ್ಲಿ ಏಳುತ್ತದೆ.

ಹಳೇ ಪೆಟ್ಟಿಗೆಯಾದರೆ ವೈರಿನ ಬಣ್ಣ ನೋಡಿ. ಹಳದಿ ಪಿನ್ನಿನ ವೈರಿನಲ್ಲಿ ಎಚ್‌ಡಿ ಯಾವ ಜನ್ಮಕ್ಕೂ ಬಾರದು. ನಮ್ಮ ಹಳೇ ಟೀವಿಗಳ ಪಾಲ್ ಪದ್ಧತಿಯಲ್ಲಿ ಅದರ ಮಿತಿ 576 ಗೆರೆ. 2005ರ ಮೊದಲ ಎಕ್ಸ್‌ಬಾಕ್ಸ್ 360ಯಲ್ಲಿ ಎಚ್‌ಡಿಎಂಐ ತೂತೇ ಇರಲಿಲ್ಲ. ಅದಕ್ಕೆ ಹಸಿರು, ನೀಲಿ, ಕೆಂಪು ಪಿನ್ನಿನ ಕಾಂಪೊನೆಂಟ್ ವೈರು ಬೇಕು.

ಪೋರ್ಟು ಸುಟ್ಟುಹೋಗುವುದಕ್ಕೂ ಕಾರಣಗಳಿವೆ. ಎಷ್ಟೋ ಪೆಟ್ಟಿಗೆ, ಟೀವಿಗಳದ್ದು ಎರಡು ಪಿನ್ನಿನ ಪ್ಲಗ್, ಅರ್ತಿಂಗ್ ಇಲ್ಲ. ಒಳಗಿನ ಫಿಲ್ಟರ್ ಕೆಪಾಸಿಟರಿನಿಂದ ಚೂರು ಕರೆಂಟು ಲೋಹದ ಭಾಗಕ್ಕೆ ಸೋರುತ್ತದೆ. ಮಳೆಗಾಲದಲ್ಲಿ ಬರಿಗಾಲಲ್ಲಿ ನಿಂತು ಮುಟ್ಟಿದರೆ ಜುಂ ಎನ್ನುವುದು ಅದಕ್ಕೇ. ಮೀಟರ್ ಇಟ್ಟರೆ 230ರ ಅರ್ಧದಷ್ಟು ವೋಲ್ಟ್ ತೋರಿಸುವುದೂ ಉಂಟು. ಜುಂ ಅಲ್ಲದೆ ಜೋರಾಗಿ ಹೊಡೆದರೆ ಅದು ಬೇರೆ ಕಥೆ, ಎಲೆಕ್ಟ್ರಿಷಿಯನ್ ಕರೆಯಲೇಬೇಕು. ಎರಡೂ ಆನ್ ಇರುವಾಗ ಎಚ್‌ಡಿಎಂಐ ಸಿಕ್ಕಿಸಿದರೆ ಆ ಸೋರಿಕೆ ನಾಜೂಕಾದ ಪಿನ್ನುಗಳಿಗೆ ಹಾಯಬಹುದು. ಆಫ್ ಮಾಡಿಯೇ ಸಿಕ್ಕಿಸಿ. ಘಟ್ಟದ ಮೇಲೆ, ಶಿರಸಿ ಕಡೆ, ಉಪ್ಪಿನ ಕಾಟವಿಲ್ಲ, ಸಿಡಿಲಿನದ್ದಿದೆ. ಗುಡುಗು ಕೇಳಿದ ಕೂಡಲೇ ಟೀವಿ ಪ್ಲಗ್ ಕೀಳುತ್ತಾರೆ, ಡಿಶ್ ವೈರು ಹಾಗೇ ಬಿಡುತ್ತಾರೆ. ಅದರ ಮೂಲಕ ಬಂದ ಏಟು ಟೀವಿ ದಾಟಿ ಎಚ್‌ಡಿಎಂಐ ಹಿಡಿದು ಪೆಟ್ಟಿಗೆಯವರೆಗೂ ಹೋಗಬಹುದು.

ಏನೂ ಕೆಡದೆಯೂ ಚಿತ್ರ ಸಪ್ಪೆ ಇರಬಹುದು. ‘ಎಚ್‌ಡಿ ರೆಡಿ’ ಎಂಬ 32 ಇಂಚಿನ ಟೀವಿಗಳಲ್ಲಿ ಬಹಳಷ್ಟರ ಪರದೆ 1366×768 ಮಾತ್ರ. ಪೆಟ್ಟಿಗೆ 1080 ಕಳಿಸಿದರೂ ಕಾಣುವುದು ಅಷ್ಟೇ. 4ಕೆ ಟೀವಿಗಳಲ್ಲೋ ಆ ಪೋರ್ಟಿಗೆ ಪೂರ್ತಿ ವೇಗ ಬಿಡುವ ಸೆಟ್ಟಿಂಗ್ ಬೇರೆ ಇರುತ್ತದೆ. ಸ್ಯಾಮ್‌ಸಂಗ್‌ನಲ್ಲಿ ‘ಇನ್‌ಪುಟ್ ಸಿಗ್ನಲ್ ಪ್ಲಸ್’, ಎಲ್‌ಜಿಯಲ್ಲಿ ‘ಅಲ್ಟ್ರಾ ಎಚ್‌ಡಿ ಡೀಪ್ ಕಲರ್’ ಎಂದು ಹುಡುಕಿ.

ಇಷ್ಟಾದರೂ ಬರಲಿಲ್ಲವೇ? ಪಕ್ಕದ ಮನೆಯ ಟೀವಿಗೆ, ಬೇರೆ ವೈರಿನಲ್ಲಿ ಸಿಕ್ಕಿಸಿ ನೋಡಿ. ಅಲ್ಲೂ ಇಲ್ಲವೆಂದರೆ ಪೆಟ್ಟಿಗೆಯ ಪೋರ್ಟೋ ಅದರ ಹಿಂದಿನ ಐಸಿಯೋ ಹೋಗಿದೆ. ರಿಪೇರಿ ಅಂಗಡಿಯಲ್ಲಿ ಎರಡು ಟೀವಿ, ಎರಡು ವೈರು ನೋಡಿಯಾಯ್ತು ಎಂದು ಮೊದಲೇ ಹೇಳಿ. ‘ಬೋರ್ಡೇ ಹೋಗಿದೆ’ ಎಂದರೆ ಒಪ್ಪಿಕೊಳ್ಳುವ ಮುಂಚೆ, ಪೋರ್ಟ್ ಒಂದನ್ನೇ ಬದಲಾಯಿಸಿದರೆ ಎಷ್ಟಾಗುತ್ತದೆ ಎಂದು ಕೇಳಿ.