ಪುಟ್ಟ ಹನಿಯೊಳಗೆ ರಾಸಾಯನಿಕ ಕ್ರಿಯೆಗೇಕೆ ಇಷ್ಟು ಅವಸರ?

ಪ್ರಶ್ನೆ: ಫ್ಲಾಸ್ಕಿನಲ್ಲಿ ಗಂಟೆಗಟ್ಟಲೆ ಹಿಡಿಯುವ ಸಾವಯವ (ಇಂಗಾಲದ ಸಂಯುಕ್ತಗಳ) ಕ್ರಿಯೆ, ವಿದ್ಯುದಾವೇಶ ಹೊತ್ತ ಸಣ್ಣ ಹನಿಯಲ್ಲಿ ಕ್ಷಣಾರ್ಧದಲ್ಲಿ ನಡೆಯುತ್ತದೆಯಂತೆ. ಅದಕ್ಕೆ ವಿದ್ಯುತ್ತೇ ಕಾರಣವೇ?

ಉತ್ತರ: ವಿದ್ಯುತ್ತಿನ ಪಾಲು ಇದೆ. ಆದರೆ ನನ್ನ ದೃಷ್ಟಿಯಲ್ಲಿ ದೊಡ್ಡ ಪಾಲು ಹನಿಯ ಮೇಲ್ಮೈಯದು. ಒಂದು ಮಿಲಿಲೀಟರ್ ದ್ರವ ಒಂದೇ ಗೋಳವಾಗಿದ್ದರೆ ಅದರ ಮೇಲ್ಮೈ 5 ಚದರ ಸೆಂಟಿಮೀಟರ್ ಕೂಡ ಆಗದು. ಅಷ್ಟೇ ದ್ರವವನ್ನು ಒಂದು ಮೈಕ್ರೋಮೀಟರ್ ವ್ಯಾಸದ ಹನಿಗಳಾಗಿ ಒಡೆಯಿರಿ: ಸುಮಾರು 2 ಲಕ್ಷ ಕೋಟಿ ಹನಿಗಳು, ಒಟ್ಟು ಮೇಲ್ಮೈ 6 ಚದರ ಮೀಟರ್!

ಮೇಲ್ಮೈ ಹೆಚ್ಚಿದರೆ ಏನಾಯಿತು? ದ್ರವದ ಒಳಗಿರುವ ಅಣುವನ್ನು ದ್ರಾವಕದ ಅಣುಗಳು ಎಲ್ಲ ಕಡೆಯಿಂದ ಮುತ್ತಿಕೊಂಡಿರುತ್ತವೆ. ಇನ್ನೊಂದು ಅಣುವಿನೊಡನೆ ಬೆಸೆದುಕೊಳ್ಳಲು ಅದು ಈ ಮುತ್ತಿಗೆಯನ್ನು ಸರಿಸಬೇಕು. ಅದಕ್ಕೆ ಶಕ್ತಿ ಖರ್ಚಾಗುತ್ತದೆ. ಅಂಚಿನಲ್ಲಿ, ಅಂದರೆ ಮೇಲ್ಮೈಯಲ್ಲಿ, ಇರುವ ಅಣುವಿಗೆ ಒಂದು ಮಗ್ಗುಲು ಬಿಡುವಾಗಿರುತ್ತದೆ. ಅಮೀನ್ ಮತ್ತು ಆಲ್ಡಿಹೈಡ್ ಎಂಬ ಎರಡು ಬಗೆಯ ಸಾವಯವ ವಸ್ತುಗಳು ಸೇರಿ ಇಮೀನ್ ಎಂಬ ಮೂರನೆಯ ಬಗೆಯದು ಆಗುವುದನ್ನೇ ನೋಡಿ. ಅಲ್ಲಿ ಒಂದು ನೀರಿನ ಅಣು ಹೊರಬೀಳಬೇಕು. ಸುತ್ತಲೂ ನೀರೇ ತುಂಬಿರುವಾಗ ಅದು ಕಷ್ಟ, ಅಂಚಿನಲ್ಲಿ ಸಲೀಸು.

ಇನ್ನು ವಿದ್ಯುತ್ತು. ಎಲೆಕ್ಟ್ರೋಸ್ಪ್ರೇ ವಿಧಾನದಲ್ಲಿ ಸಪೂರ ನಳಿಗೆಯ ದ್ರವಕ್ಕೆ ಕೆಲವು ಸಾವಿರ ವೋಲ್ಟ್ ಕೊಟ್ಟಾಗ ತುದಿಯ ದ್ರವ ಶಂಕುವಿನಂತೆ ಚೂಪಾಗಿ, ಮಂಜಿನಂತೆ ಸಿಡಿಯುತ್ತದೆ. ಹಾರುತ್ತಲೇ ಹನಿಯ ದ್ರಾವಕ ಆವಿಯಾಗುತ್ತದೆ, ಆವೇಶ ಅಲ್ಲೇ ಉಳಿಯುತ್ತದೆ. ಕುಗ್ಗಿದ ಹನಿ ಆವೇಶಗಳ ವಿಕರ್ಷಣೆಯನ್ನು ತಾಳಲಾರದೆ ಮತ್ತೆ ಒಡೆಯುತ್ತದೆ. ಈ ಮಿತಿಯನ್ನು ಬ್ರಿಟಿಷ್ ಭೌತವಿಜ್ಞಾನಿ ಲಾರ್ಡ್ ರೇಲೀ 1882ರಲ್ಲೇ ಲೆಕ್ಕಹಾಕಿದ್ದರು. ಹೀಗೆ ಹನಿ ಇನ್ನೂ ಚಿಕ್ಕದಾಗುತ್ತದೆ, ಒಳಗಿನ ವಸ್ತುಗಳು ಸಾಂದ್ರವಾಗುತ್ತವೆ, ಧನ ಆವೇಶದ ಹನಿಯಾದರೆ ಅಂಚಿನಲ್ಲಿ ಪ್ರೋಟಾನುಗಳು ಜಮಾಯಿಸಿ ಆಮ್ಲದ ಕೆಲಸ ಮಾಡುತ್ತವೆ. ಕಾದ ಮೇಲ್ಮೈಯಲ್ಲಿ ತಮ್ಮದೇ ಆವಿಯ ಮೇಲೆ ತೇಲುವ ಹನಿಗಳಲ್ಲೂ ಕೆಲವು ಕ್ರಿಯೆಗಳು ಚುರುಕಾಗುತ್ತವೆ. ಅಲ್ಲಿ ಹೊರಗಿನಿಂದ ವೋಲ್ಟೇಜ್ ಕೊಡುವುದಿಲ್ಲ ಎಂಬುದನ್ನು ಗಮನಿಸಿ.

ಪರ್ಡ್ಯೂ ವಿಶ್ವವಿದ್ಯಾಲಯದ ಗ್ರಹಾಂ ಕುಕ್ಸ್, ಸ್ಟ್ಯಾನ್‌ಫರ್ಡ್‌ನ ರಿಚರ್ಡ್ ಝೇರ್ ಅವರ ತಂಡಗಳು ಈ ಕ್ಷೇತ್ರವನ್ನು ಬೆಳೆಸಿವೆ. ಸಾವಿರ ಪಟ್ಟಿನಿಂದ ಹತ್ತು ಲಕ್ಷ ಪಟ್ಟಿನವರೆಗೆ ವೇಗವರ್ಧನೆ ವರದಿಯಾಗಿದೆ.

ಈ ಸಂಖ್ಯೆಗಳನ್ನು ಓದುವಾಗ ಅಳತೆ ಹೇಗೆ ನಡೆದಿದೆ ಎಂದು ದಯವಿಟ್ಟು ನೋಡಿ. ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ (ಅಣುಗಳನ್ನು ಅವುಗಳ ರಾಶಿಯಿಂದ ಗುರುತಿಸುವ ಯಂತ್ರ) ಉತ್ಪನ್ನದ ಸಂಕೇತ ಜೋರಾಗಿ ಕಂಡ ಮಾತ್ರಕ್ಕೆ ಅದು ಹನಿಯಲ್ಲೇ ಹುಟ್ಟಿತು ಎನ್ನಲಾಗದು; ಹನಿ ಆರಿದ ಮೇಲೆ ಅನಿಲ ಸ್ಥಿತಿಯಲ್ಲಿ ಹುಟ್ಟಿರಬಹುದು. ಉತ್ಪನ್ನಕ್ಕೂ ಕಚ್ಚಾವಸ್ತುವಿಗೂ ಯಂತ್ರದ ಸಂವೇದನೆ ಒಂದೇ ಆಗಿರುವುದೂ ಇಲ್ಲ. ಹಾಗಾಗಿ ಸಿಂಪಡಿಸಿದ ಹನಿಗಳನ್ನು ಒಟ್ಟುಗೂಡಿಸಿ, ಉತ್ಪನ್ನವನ್ನು ಎನ್‌ಎಂಆರ್‌ನಂತಹ (ಅಣುಗಳನ್ನು ಕಾಂತಕ್ಷೇತ್ರದಲ್ಲಿಟ್ಟು ಗುರುತಿಸುವ) ಬೇರೊಂದು ವಿಧಾನದಿಂದಲೂ ಅಳೆದ ಪ್ರಯೋಗಗಳನ್ನು ನಾನು ಹೆಚ್ಚು ನಂಬುತ್ತೇನೆ.