ಚಕ್ರದಿಂದ ಐಸ್‌ಗೆ: ಕಲಬುರಗಿಯ ಸ್ಕೇಟರ್‌ಗೆ ದಾರಿ ತಪ್ಪಿದ್ದೆಲ್ಲಿ?

ಕಲಬುರಗಿಯಲ್ಲಿ ಸ್ಕೇಟಿಂಗ್ ಅಂದರೆ ಚಕ್ರದ ಸ್ಕೇಟಿಂಗೇ. ಬೇಸಿಗೆಯಲ್ಲಿ 42 ಡಿಗ್ರಿ ದಾಟುವ ಊರಲ್ಲಿ ಐಸ್ ಎಲ್ಲಿಂದ ಬರಬೇಕು? ಆದರೂ ವಿಶ್ವ ವಿಶ್ವವಿದ್ಯಾಲಯ ಕ್ರೀಡಾಕೂಟದ ಶಾರ್ಟ್ ಟ್ರ್ಯಾಕ್‌ಗೆ (ಐಸ್ ಮೇಲೆ ಸಣ್ಣ ಸುತ್ತಿನಲ್ಲಿ ಗುಂಪಾಗಿ ಓಡುವ ಸ್ಕೇಟಿಂಗ್ ಸ್ಪರ್ಧೆ) ಇಲ್ಲಿಯ ವಿದ್ಯಾರ್ಥಿ ಹೋಗಬಾರದು ಅಂತ ಯಾವ ನಿಯಮವೂ ಹೇಳುವುದಿಲ್ಲ. ವಯಸ್ಸು 25 ದಾಟಿರಬಾರದು, ಭಾರತೀಯ ವಿಶ್ವವಿದ್ಯಾಲಯಗಳ ಸಂಘದ ಮೂಲಕ ಹೆಸರು ಹೋಗಬೇಕು.

ಚಳಿಗಾಲದ ಈ ಕೂಟ 1960ರಲ್ಲಿ ಫ್ರಾನ್ಸಿನ ಶಮೊನಿಯಲ್ಲಿ ಶುರುವಾಯಿತು. 1980ರ ದಶಕದಲ್ಲಿ ಅದಕ್ಕೆ ಶಾರ್ಟ್ ಟ್ರ್ಯಾಕ್ ಸೇರಿತು, 1992ರಲ್ಲಿ ಒಲಿಂಪಿಕ್ಸ್‌ನಲ್ಲೂ ಪದಕದ ಆಟವಾಯಿತು. ಕೊರಿಯಾ, ಚೀನಾ ಮುಂದೆ ಓಡಿದವು. ನಾವು ಟಿವಿಯಲ್ಲಿ ನೋಡಿದೆವು.

ಆಟದ ಅಂಗಳ, ಅಂದರೆ ರಿಂಕ್, ಐಸ್ ಹಾಕಿ ಆಟದ ಅಂಗಳದಷ್ಟೇ: 60 ಮೀಟರ್ ಉದ್ದ, 30 ಮೀಟರ್ ಅಗಲ. ಒಂದು ಸುತ್ತು 111.12 ಮೀಟರ್. 500 ಮೀಟರ್ ಅಂದರೆ ನಾಲ್ಕೂವರೆ ಸುತ್ತು. ಓಟವೆಲ್ಲ ಎಡಕ್ಕೇ ತಿರುಗುವುದರಿಂದ ಬ್ಲೇಡ್ ಅನ್ನೂ ಎಡಕ್ಕೆ ಸ್ವಲ್ಪ ಬಗ್ಗಿಸಿರುತ್ತಾರೆ. ತಿರುವಿನಲ್ಲಿ ಎಡಗೈ ಐಸ್ ಮುಟ್ಟುತ್ತದೆ. ಗುಂಪಿನಲ್ಲಿ ಓಡುವುದು, ಸಂದು ನೋಡಿ ಒಳನುಗ್ಗುವುದು, ಮೊಣಕಾಲು ಬಗ್ಗಿಸಿ ಇಡುವುದು ಇವೆಲ್ಲ ರೋಲರ್ ಸ್ಕೇಟಿಂಗ್ ಮಕ್ಕಳಿಗೆ ಮೊದಲೇ ಗೊತ್ತು. ಅಮೆರಿಕದ ಅಪೋಲೊ ಓನೊ ಚಕ್ರದ ಮೇಲೆ ಕಲಿತೇ ಐಸ್‌ಗೆ ಬಂದವರು. ಎಂಟು ಒಲಿಂಪಿಕ್ ಪದಕ ಗೆದ್ದರು!

ಹಾಗಾದರೆ ತೊಡಕು ಎಲ್ಲಿ? ಇಲ್ಲಿ ಸ್ವಲ್ಪ ನಿಲ್ಲಬೇಕು. 2011ರ ಜನವರಿಯಲ್ಲಿ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟಕ್ಕಾಗಿ ಡೆಹ್ರಾಡೂನ್‌ನಲ್ಲಿ ಒಳಾಂಗಣ ಐಸ್ ರಿಂಕ್ ಕಟ್ಟಿದರು. ಕೂಟ ಮುಗಿಯಿತು, ರಿಂಕಿಗೆ ಬೀಗ ಬಿತ್ತು. ಐಸ್ ಹಿಡಿದಿಡಲು ಹಗಲೂ ರಾತ್ರಿ ಕರೆಂಟ್ ಬೇಕು, ಖರ್ಚು ಜಾಸ್ತಿ. ಹೀಗೆ ಹತ್ತು ವರ್ಷಕ್ಕೂ ಮೇಲೆ ಕಳೆಯಿತು. ಆ ವರ್ಷಗಳಲ್ಲಿ ಚಕ್ರ ಕಟ್ಟಿಕೊಂಡ ಮಕ್ಕಳು ಐಸ್ ಮುಟ್ಟದೆಯೇ ಡಿಗ್ರಿ ಮುಗಿಸಿದರು. ಇದು ನನಗೆ ತುಂಬಾ ನೋವಿನ ಮಾತು. ಶಿಮ್ಲಾ, ಲೇಹ್‌ನಲ್ಲಿ ಚಳಿಗೆ ಕಟ್ಟುವ ಐಸ್ ಇತ್ತು, ಆದರೆ ಕೆಲವೇ ವಾರ. ಬೀದರ್, ಯಾದಗಿರಿಯಿಂದ ಅಲ್ಲಿಗೆ ಹೋಗಿ ಬರುವ ಖರ್ಚನ್ನು ಯಾವ ಮನೆ ಹೊರುತ್ತದೆ?

2025ರಲ್ಲಿ ಡೆಹ್ರಾಡೂನ್ ರಿಂಕ್ ಮತ್ತೆ ತೆರೆಯಿತು. ಆಗಸ್ಟ್‌ನಲ್ಲಿ ಏಷ್ಯನ್ ಓಪನ್ ಶಾರ್ಟ್ ಟ್ರ್ಯಾಕ್ ಸ್ಪರ್ಧೆಯೂ ಅಲ್ಲೇ ನಡೆಯಿತು. ಐಸ್ ಇಲ್ಲ ಅನ್ನುವ ಮಾತು ಈಗ ಪೂರ್ತಿ ನಿಜವಲ್ಲ. ಅಂತರ ವಿಶ್ವವಿದ್ಯಾಲಯ ರೋಲರ್ ಸ್ಪರ್ಧೆಯಲ್ಲಿ ಚೆನ್ನಾಗಿ ಓಡಿದವರನ್ನು ರಜೆಯಲ್ಲಿ ಒಂದು ತಿಂಗಳು ಅಲ್ಲಿಗೆ ಕಳಿಸಲು ಕೋಟಿಗಟ್ಟಲೆ ದುಡ್ಡು ಬೇಕಿಲ್ಲ, ಅಲ್ವಾ? ರೈಲು ಟಿಕೆಟ್, ಬಾಡಿಗೆ ಸ್ಕೇಟ್, ಒಬ್ಬ ಕೋಚ್ ಸಿಕ್ಕರೆ ಶುರು ಮಾಡಬಹುದು. ಚೀನಾದ ಚಾಂಗ್‌ಚುನ್‌ಗೆ 2027ರ ಕೂಟ ಕೊಟ್ಟಾಗಿದೆ. ಅದಕ್ಕೆ ತಯಾರಾಗಲು ಸಮಯ ಸಾಲದು. ಆದರೆ ಅದರ ನಂತರದ ಕೂಟಕ್ಕೆ ಹೋಗಬೇಕಾದವರು ಇವತ್ತು ಪಿಯುಸಿಯಲ್ಲಿ ಓದುತ್ತಿದ್ದಾರೆ.